ಆಘಾತ: ಒಂದು ಶಬ್ದದ ವಾಚ್ಯಾರ್ಥ ಮತ್ತು ಲಕ್ಷ್ಯಾರ್ಥಗಳ ಚರಿತ್ರೆ

ಶಬ್ದಾರ್ಥಗಳ ವಿಚಾರವನ್ನು ವೈಯಾಕರಣರಿಗೂ ಆಲಂಕಾರಿಕರಿಗೂ ಬಿಟ್ಟುಕೊಟ್ಟು ಇತಿಹಾಸಕಾರರು ದೂರ ನಿಲ್ಲುವುದು ವಾಡಿಕೆ. ಆದರೆ ಒಂದು ಶಬ್ದವನ್ನು ವಾಚ್ಯಾರ್ಥದಲ್ಲಿ ಗ್ರಹಿಸಬೇಕೋ ಲಕ್ಷ್ಯಾರ್ಥದಲ್ಲಿ ಗ್ರಹಿಸಬೇಕೋ ಎಂಬ ಪ್ರಶ್ನೆಯ ಮೇಲೆ ಅನೇಕರ ಮಾನ, ಜೀವನೋಪಾಯ, ಕೆಲವೊಮ್ಮೆ ಪ್ರಾಣವೂ ನಿಂತಿದ್ದ ಪ್ರಸಂಗಗಳುಂಟು. ಇಂಗ್ಲಿಷಿನ ‘ಶಾಕ್’ ಎಂಬ ಶಬ್ದದ ಚರಿತ್ರೆ ಅಂತಹುದು. ಕನ್ನಡದಲ್ಲಿ ನಾವು ಇದಕ್ಕೆ ಸಾಮಾನ್ಯವಾಗಿ ‘ಆಘಾತ’ವೆಂಬ ಪದವನ್ನು ಬಳಸುತ್ತೇವೆ. ಈ ಶಬ್ದವು ರಣಭೂಮಿಯಿಂದ ಹೊರಟು, ಪ್ರಯೋಗಶಾಲೆ ಮತ್ತು ಆಸ್ಪತ್ರೆಗಳನ್ನು ಹಾದು, ಪುನಃ ರಣಭೂಮಿಗೇ ಬಂದು ಸೇರಿದ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸೋಣ.

ಲಕ್ಷಣಾವೃತ್ತಿಗೆ ಮೂರು ನಿಮಿತ್ತಗಳುಂಟೆಂದು ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ನಿರೂಪಿಸಿದ್ದಾನೆ. ಮುಖ್ಯಾರ್ಥಕ್ಕೆ ಬಾಧೆಯುಂಟಾಗಬೇಕು, ಹೊಸ ಅರ್ಥಕ್ಕೂ ಮುಖ್ಯಾರ್ಥಕ್ಕೂ ಸಂಬಂಧವಿರಬೇಕು, ಹಾಗೆ ಬಳಸುವುದಕ್ಕೆ ರೂಢಿಯಾಗಲಿ ಪ್ರಯೋಜನವಾಗಲಿ ಕಾರಣವಾಗಿರಬೇಕು. ಕಾವ್ಯಕ್ಕಾಗಿ ಹೇಳಿದ ಈ ಮಾತು ಸೇನಾ ಕಚೇರಿಯ ಕಾಗದಪತ್ರಗಳಿಗೂ ಅನ್ವಯಿಸುವುದೆಂಬುದನ್ನು ಮುಂದೆ ಕಾಣಬಹುದು.

‘ಶಾಕ್’ ಎಂಬುದು ಫ್ರೆಂಚ್ ಮೂಲದಿಂದ 16ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಶಬ್ದ. ಎದುರುಬದುರಾದ ಎರಡು ಸೇನೆಗಳು ಒಂದಕ್ಕೊಂದು ಬಂದು ಅಪ್ಪಳಿಸುವುದೇ ಅದರ ಆದ್ಯ ಅರ್ಥ. ವೇಗವಾಗಿ ಬರುವ ಕುದುರೆ, ಅದರ ಮೇಲೆ ಭರ್ಜಿ ಹಿಡಿದ ಸವಾರ, ಇಬ್ಬರ ಭಾರವೂ ಶತ್ರುಪಂಕ್ತಿಯ ಮೇಲೆ ಒಮ್ಮೆಗೇ ಬೀಳುವುದನ್ನು ಯುದ್ಧಶಾಸ್ತ್ರಜ್ಞರು ಬಹುಕಾಲ ಈ ಹೆಸರಿನಿಂದಲೇ ಕರೆದರು. ಈ ವಾಚ್ಯಾರ್ಥದ ಕೊನೆಯ ಉದಾಹರಣೆಗಳಲ್ಲೊಂದು ನಮ್ಮ ನಾಡಿನೊಡನೆ ಸಂಬಂಧವುಳ್ಳದ್ದು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ನಗರವನ್ನು ವಶಪಡಿಸಿಕೊಂಡ ಅಶ್ವದಳದಲ್ಲಿ ಜೋಧಪುರದ ಸವಾರರೊಡನೆ ಮೈಸೂರು ಲ್ಯಾನ್ಸರ್ಸ್ ದಳದವರೂ ಇದ್ದರು. ಯಂತ್ರಬಂದೂಕುಗಳನ್ನು ಭರ್ಜಿಯಿಂದ ಎದುರಿಸಿದ ಆ ಆಕ್ರಮಣ ಇತಿಹಾಸದಲ್ಲಿ ವಿರಳವಾದುದು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ದಳವನ್ನು ಪ್ರತಿನಿಧಿಸುತ್ತದೆ.

ಆದರೆ ಅಷ್ಟರಲ್ಲಿ ಶಬ್ದವು ಬಹುದೂರ ಸಾಗಿತ್ತು. ಫ್ರೆಂಚ್ ಶಸ್ತ್ರವೈದ್ಯ ಲ ದ್ರಾನ್ ಗುಂಡೇಟಿನ ಗಾಯಗಳನ್ನು ಕುರಿತು 1737ರಲ್ಲಿ ಬರೆದ ಗ್ರಂಥವು 1743ರಲ್ಲಿ ಇಂಗ್ಲಿಷಿಗೆ ಅನುವಾದವಾದಾಗ, ಗಾಯದಿಂದ ಶರೀರಕ್ಕೆಲ್ಲ ಉಂಟಾಗುವ ಕುಸಿತವನ್ನು ಸೂಚಿಸಲು ಈ ಶಬ್ದವೇ ಬಳಕೆಯಾಯಿತು. ಮುಂದೆ 1745-46ರಲ್ಲಿ ಲೈಡನ್ ಜಾಡಿಯ ಆವಿಷ್ಕಾರವಾಯಿತು. 1746ರಲ್ಲಿ ನೊಲೆ ಎಂಬ ವಿಜ್ಞಾನಿಯು ಫ್ರಾನ್ಸಿನ ದೊರೆಯ ಸಮ್ಮುಖದಲ್ಲಿ 180 ಮಂದಿ ಕಾವಲುಭಟರನ್ನು ಕೈಕೈ ಹಿಡಿದು ನಿಲ್ಲಿಸಿ, ಅವರ ಮೂಲಕ ವಿದ್ಯುತ್ತನ್ನು ಹಾಯಿಸಿದನು. ಎಲ್ಲರೂ ಏಕಕಾಲದಲ್ಲಿ ನೆಗೆದರು. ಇಲ್ಲಿ ಬಂದು ಹೊಡೆಯುವ ಸೇನೆಯೂ ಇಲ್ಲ, ಕಣ್ಣಿಗೆ ಕಾಣುವ ವಸ್ತುವೂ ಇಲ್ಲ. ಆದರೂ ಹೊಡೆತದ ಅನುಭವವುಂಟು. ಆದುದರಿಂದ ಶಬ್ದವು ಸಲೀಸಾಗಿ ಸಲ್ಲಿತು. ಕನ್ನಡಿಗರೂ ‘ಶಾಕ್ ಹೊಡೆಯಿತು’ ಎನ್ನುತ್ತಾರಲ್ಲದೆ ‘ಶಾಕ್ ತಗುಲಿತು’ ಎಂದಷ್ಟಕ್ಕೇ ನಿಲ್ಲುವುದಿಲ್ಲ. ಹೊಡೆಯುವ ಕ್ರಿಯೆಯು ನಮ್ಮ ಮಾತಿನಲ್ಲಿಯೂ ಉಳಿದುಕೊಂಡಿದೆ. ಈ ಅರ್ಥಗಳೆಲ್ಲ ರೂಢಿಯ ಬಲದಿಂದ ನೆಲೆಗೊಂಡವು; ಅವುಗಳ ವಿಷಯದಲ್ಲಿ ಯಾರೂ ಜಗಳವಾಡಲಿಲ್ಲ.

ಜಗಳ ಹುಟ್ಟಿದ್ದು ಪ್ರಥಮ ಮಹಾಯುದ್ಧದಲ್ಲಿ. ಫ್ರಾನ್ಸಿನ ಕಂದಕಗಳಿಂದ ಬಂದ ಕೆಲವು ಸೈನಿಕರಲ್ಲಿ ಮೈಮೇಲೆ ಗಾಯವಿಲ್ಲದಿದ್ದರೂ ನಡುಕ, ಮೂಕತನ, ದೃಷ್ಟಿಮಾಂದ್ಯ, ಮರೆವು ಮೊದಲಾದ ಚಿಹ್ನೆಗಳು ಕಂಡುಬಂದವು. ಕೇಂಬ್ರಿಜಿನ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಮೈಯರ್ಸ್ 1915ರ ಫೆಬ್ರವರಿಯಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇಂತಹ ಮೂವರು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿ, ಈ ಸ್ಥಿತಿಯನ್ನು ‘ಷೆಲ್ ಶಾಕ್’ ಎಂದು ಕರೆದನು. ಸಿಡಿಗುಂಡಿನ ಸ್ಫೋಟದಿಂದ ಮೆದುಳು ಮತ್ತು ನರಗಳಿಗೆ ನೇರವಾಗಿ ಪೆಟ್ಟು ಬಿದ್ದಿರಬೇಕೆಂಬುದು ಈ ಹೆಸರಿನ ವಾಚ್ಯಾರ್ಥ. ಆದರೆ ಸ್ಫೋಟದ ಸಮೀಪಕ್ಕೂ ಹೋಗದಿದ್ದವರಲ್ಲಿ ಅವೇ ಚಿಹ್ನೆಗಳು ಕಂಡವು. ಮುಖ್ಯಾರ್ಥಕ್ಕೆ ಬಾಧೆಯುಂಟಾಯಿತು. ಹಾಗಾದರೆ ಬಿದ್ದ ಪೆಟ್ಟು ದೇಹಕ್ಕೋ, ಮನಸ್ಸಿಗೋ?

ಇದು ಕೇವಲ ಪಂಡಿತರ ಚರ್ಚೆಯಾಗಿ ಉಳಿಯಲಿಲ್ಲ. ಬ್ರಿಟಿಷ್ ಸೇನೆಯು ಈ ರೋಗಿಗಳನ್ನು ಎರಡು ವರ್ಗಗಳಾಗಿ ವಿಂಗಡಿಸಿತು. ಶತ್ರುವಿನ ಗುಂಡು ಸಿಡಿದುದರಿಂದ ಕುಸಿದವನಿಗೆ ‘ಡಬ್ಲ್ಯು’ ಎಂಬ ಗುರುತು. ಅವನು ಗಾಯಾಳು, ಗಾಯದ ಪಟ್ಟಿಯನ್ನು ಧರಿಸಲು ಅರ್ಹ. ಉಳಿದವನಿಗೆ ‘ಎಸ್’ ಎಂಬ ಗುರುತು. ಅವನು ಕೇವಲ ರೋಗಿ, ಅವನಿಗೆ ಆ ಗೌರವವಿಲ್ಲ. ವಾಚ್ಯಾರ್ಥಕ್ಕೆ ಗೌರವವೂ ಲಕ್ಷ್ಯಾರ್ಥಕ್ಕೆ ಸಂಶಯವೂ ಪ್ರಾಪ್ತವಾದುವು. 1916ರ ಸೊಮ್ ಕದನದಲ್ಲಿ ಇಂತಹ ರೋಗಿಗಳ ಸಂಖ್ಯೆ ಬಹಳವಾಗಿ ಏರಿತು. 1917ರಲ್ಲಿ ಸೇನಾಧಿಕಾರಿಗಳು ಆ ಹೆಸರಿನ ಬಳಕೆಯನ್ನೇ ನಿಷೇಧಿಸಿ, ‘ರೋಗನಿರ್ಣಯ ಇನ್ನೂ ಆಗಿಲ್ಲ, ನರಸಂಬಂಧಿ’ ಎಂದು ಮಾತ್ರ ಬರೆಯುವಂತೆ ಆಜ್ಞೆ ಮಾಡಿದರು. 1922ರಲ್ಲಿ ಸೌತ್‌ಬರೋ ಸಮಿತಿಯೂ ಆ ಹೆಸರನ್ನು ಕೈಬಿಡಬೇಕೆಂದೇ ಶಿಫಾರಸು ಮಾಡಿತು. ಹೆಸರು ಹೋಯಿತು, ರೋಗ ಹೋಗಲಿಲ್ಲ.

ಹ್ಯಾರಿ ಫಾರ್ ಎಂಬ ಸಿಪಾಯಿಯ ವೃತ್ತಾಂತವು ಈ ವಿಷಯದ ಗಾಂಭೀರ್ಯವನ್ನು ಮನಗಾಣಿಸುತ್ತದೆ. 1915ರಲ್ಲಿ ಷೆಲ್ ಶಾಕಿಗಾಗಿ ತಿಂಗಳುಗಟ್ಟಲೆ ಚಿಕಿತ್ಸೆ ಪಡೆದಿದ್ದ ಈತನು ಮರುವರ್ಷ ಮುಂಚೂಣಿಗೆ ಹೋಗಲಾರದೆ ನಿಂತಾಗ ಹೇಡಿತನದ ಆರೋಪ ಹೊತ್ತನು. 1916ರ ಅಕ್ಟೋಬರಿನಲ್ಲಿ ಗುಂಡಿಗೆ ಬಲಿಯಾದನು. ಆತನ ಶರೀರದ ಮೇಲೆ ತೋರಿಸಬಹುದಾದ ಗಾಯವಿರಲಿಲ್ಲ. 2006ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಅಂಗೀಕರಿಸಿದ ಶಾಸನದ ಮೂಲಕ, ಆ ಯುದ್ಧದಲ್ಲಿ ಇಂತಹ ಅಪರಾಧಗಳಿಗಾಗಿ ಮರಣದಂಡನೆಗೆ ಗುರಿಯಾಗಿದ್ದ 306 ಸೈನಿಕರಿಗೆ ಮರಣೋತ್ತರ ಕ್ಷಮೆ ದೊರೆಯಿತು.

ಲಕ್ಷಣೆಯ ‘ಪ್ರಯೋಜನ’ವೆಂಬ ಮಾತಿಗೆ ಇಲ್ಲಿ ಹೊಸ ತೂಕ ಬರುತ್ತದೆ. ಸಿಪಾಯಿಗೆ ಆ ಹೆಸರಿನ ಪ್ರಯೋಜನವೆಂದರೆ ತಾನು ಹೇಡಿಯಲ್ಲ, ಪೆಟ್ಟುತಿಂದವನು ಎಂದು ಹೇಳಿಕೊಳ್ಳುವ ಅವಕಾಶ. ಅಧಿಕಾರಿಗಳಿಗೆ ಆ ಹೆಸರನ್ನು ಅಳಿಸುವುದೇ ಪ್ರಯೋಜನಕರವಾಗಿ ತೋರಿತು. 1980ರಲ್ಲಿ ಅಮೆರಿಕದ ಮನೋವೈದ್ಯರು ಈ ಬಗೆಯ ವ್ಯಾಧಿಗೆ ಅಧಿಕೃತ ಸ್ಥಾನವನ್ನು ಕೊಟ್ಟಾಗ ಆರಿಸಿಕೊಂಡ ‘ಟ್ರಾಮಾ’ ಎಂಬ ಶಬ್ದಕ್ಕೂ ಗ್ರೀಕ್ ಭಾಷೆಯಲ್ಲಿ ‘ಗಾಯ’ವೆಂದೇ ಅರ್ಥ. ಇತ್ತ ಸ್ಫೋಟಕ್ಕೆ ಒಳಗಾಗಿದ್ದ ಸೈನಿಕರ ಮೆದುಳುಗಳನ್ನು ಮರಣಾನಂತರ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವು ಅವುಗಳಲ್ಲಿ ವಿಶಿಷ್ಟ ರೀತಿಯ ಕಲೆಗಳನ್ನು ಗುರುತಿಸಿತು. ತಳ್ಳಿಹಾಕಿದ ವಾಚ್ಯಾರ್ಥದಲ್ಲಿಯೂ ಕೆಲವರ ಮಟ್ಟಿಗೆ ಸತ್ಯಾಂಶವಿತ್ತೆಂದು ಇದರಿಂದ ಊಹಿಸಬಹುದು.

ನಮ್ಮ ‘ಆಘಾತ’ದ ಮೂಲವೂ ‘ಹೊಡೆ’, ‘ಕೊಲ್ಲು’ ಎಂಬರ್ಥದ ಸಂಸ್ಕೃತ ಧಾತುವೇ. ಹೃದಯಾಘಾತ, ವಿದ್ಯುದಾಘಾತ, ಮರ್ಮಾಘಾತಗಳಲ್ಲಿ ಅದು ದೇಹವನ್ನೂ ಮನಸ್ಸನ್ನೂ ಭೇದವಿಲ್ಲದೆ ತಟ್ಟುತ್ತದೆ. ಸಾವಿನ ಸುದ್ದಿ ಬಂದಾಗ ‘ಬರಸಿಡಿಲು ಬಡಿದಂತಾಯಿತು’ ಎನ್ನುವವನನ್ನು ಸಿಡಿಲು ಎಲ್ಲಿ ಬಿತ್ತೆಂದು ಯಾರೂ ಕೇಳುವುದಿಲ್ಲ. ಮಹಾಯುದ್ಧದ ಸಿಪಾಯಿಯನ್ನು ಮಾತ್ರ ಹಾಗೆ ಕೇಳಲಾಯಿತು. ಆ ಕಾಲದ ದಾಖಲೆಗಳನ್ನು ಓದುವ ವಿದ್ಯಾರ್ಥಿಗಳು ರೋಗಿಯ ಹೆಸರಿನ ಮುಂದಿರುವ ಒಂದೊಂದು ಅಕ್ಷರವನ್ನೂ ಈ ಹಿನ್ನೆಲೆಯಲ್ಲಿ ಗಮನಿಸಬೇಕಾದುದು ಅವಶ್ಯ.