ಶ್ರೀರಂಗಪಟ್ಟಣದ ಪಿಸ್ತೂಲುಗಳು: ‘ತಯಾರಿಕೆಯ ದೋಷ’ ಕುರಿತ ಒಂದು ಪರಿಶೀಲನೆ

ಹಳೆಯ ಪಿಸ್ತೂಲುಗಳ ಸಂಗ್ರಾಹಕರಲ್ಲಿ ಕಾರ್ಖಾನೆಯಲ್ಲಿಯೇ ಉಂಟಾದ ದೋಷಕ್ಕೆ ವಿಶೇಷ ಬೆಲೆಯುಂಟು. ಓರೆಯಾಗಿ ಕೊರೆದ ತಿರುಪಿನ ರಂಧ್ರ, ತಲೆಕೆಳಗಾಗಿ ಒತ್ತಿದ ಮುದ್ರೆ ಮೊದಲಾದವು ಅಪರೂಪವೆನಿಸಿ ಹೆಚ್ಚಿನ ಹಣ ತರುತ್ತವೆ. ಇದೇ ಮಾನದಂಡವನ್ನು ಟಿಪ್ಪು ಸುಲ್ತಾನನ ಕಾಲದ (1782–1799) ಮೈಸೂರಿನ ಆಯುಧಗಳಿಗೆ ಅನ್ವಯಿಸಿದಾಗ ತೊಡಕು ತಲೆದೋರುತ್ತದೆ.

ಈ ಚಕಮಕಿ ಪಿಸ್ತೂಲುಗಳ ಮುಖ್ಯ ತಯಾರಿಕಾ ಕೇಂದ್ರ ಶ್ರೀರಂಗಪಟ್ಟಣ. ಬೆಂಗಳೂರಿನಲ್ಲಿಯೂ ಆಯುಧಗಳ ಕೆಲಸ ನಡೆಯುತ್ತಿತ್ತು. ಇಲ್ಲಿನ ಹಳೆಯ ಪೇಟೆಯ ತಾರಾಮಂಡಲಪೇಟೆ ಎಂಬ ಹೆಸರು ಅಗ್ನಿಬಾಣಗಳ ತಯಾರಿಕೆಯನ್ನು ನೆನಪಿಸುತ್ತದೆ. 1788ರಲ್ಲಿ ಫ್ರಾನ್ಸಿನ ದೊರೆ 16ನೆಯ ಲೂಯಿಯನ್ನು ಕಂಡ ಟಿಪ್ಪುವಿನ ರಾಯಭಾರಿಗಳು ಕುಶಲಕರ್ಮಿಗಳನ್ನೂ ಕೋರಿದ್ದರು. ಆದರೆ ಒಂದು ಬಂದೂಕಿನ ಬಿಡಿಭಾಗ ಮತ್ತೊಂದಕ್ಕೆ ಹೊಂದುವಂತೆ ಮಾಡುವ ಪದ್ಧತಿ ಯೂರೋಪಿನಲ್ಲಿಯೇ ಆಗ ಪ್ರಯೋಗದ ಹಂತದಲ್ಲಿತ್ತು. ಫ್ರಾನ್ಸಿನ ಒನೊರೆ ಬ್ಲಾಂಕ್ ಅದರಲ್ಲಿ ತೊಡಗಿದ್ದನು. ಲಂಡನ್ನಿನಲ್ಲಾಗಲಿ ಶ್ರೀರಂಗಪಟ್ಟಣದಲ್ಲಾಗಲಿ ಪ್ರತಿಯೊಂದು ಭಾಗವನ್ನೂ ಅರದಿಂದ ಉಜ್ಜಿ, ಅದೇ ಪಿಸ್ತೂಲಿಗೆ ಕೂಡಿಸುತ್ತಿದ್ದರು. ಸಮಾನ ಅಳತೆಯೇ ಇಲ್ಲದ ಕಡೆ ಅಳತೆ ತಪ್ಪಿತೆನ್ನುವುದು ಹೇಗೆ?

ತಪ್ಪೆಂದು ಮೇಲುನೋಟಕ್ಕೆ ತೋರುವ ಲಕ್ಷಣಗಳಲ್ಲಿ ಇಸವಿಯದು ಪ್ರಮುಖ. ಟಿಪ್ಪು ಪ್ರವಾದಿಯವರ ಜನನದಿಂದ ಎಣಿಸುವ ಮೌಲೂದಿ ಶಕೆಯನ್ನು ಜಾರಿಗೆ ತಂದು, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದನು. ಹೀಗಾಗಿ ಕ್ರಿ.ಶ. 1787–88ಕ್ಕೆ ಸಮನಾದ 1215, ಓದುಗನ ಕಣ್ಣಿಗೆ 5121 ಆಗಿ ಕಾಣುತ್ತದೆ. ನಾಣ್ಯಗಳಲ್ಲಿಯೂ ಇದೇ ಕ್ರಮವಿರುವುದರಿಂದ ಇದು ಕೆತ್ತನೆಗಾರನ ಕೈತಪ್ಪಲ್ಲ, ಅರಮನೆಯ ಆಜ್ಞೆ. ಸೋಜಿಗವೆಂದರೆ 1221ನ್ನು ಯಾವ ಕಡೆಯಿಂದ ಓದಿದರೂ ಒಂದೇ! ಈ ಪಂಚಾಂಗವು ನಮ್ಮ ಅರವತ್ತು ಸಂವತ್ಸರಗಳ ಚಕ್ರವನ್ನು ಕೈಬಿಡಲಿಲ್ಲ. 1787–88 ಪ್ಲವಂಗ ಸಂವತ್ಸರ. ಹೊಸ ಶಕೆಯ ಅಡಿಯಲ್ಲಿ ಜನರ ಕಾಲಗಣನೆಯೇ ಮುಂದುವರಿದಿತ್ತೆಂಬುದು ಜಾನಪದ ಅಧ್ಯಯನದ ದೃಷ್ಟಿಯಿಂದ ಗಮನಾರ್ಹ.

ಎರಡನೆಯದು ಚಕಮಕಿ ಯಂತ್ರದ ಸ್ಥಾನ. ಸಾಮಾನ್ಯವಾಗಿ ಅದು ಬಲಬದಿಯಲ್ಲಿರುತ್ತದೆ. ಟಿಪ್ಪುವಿನ ಕೆಲವು ಪಿಸ್ತೂಲು ಜೋಡಿಗಳಲ್ಲಿ ಒಂದರದು ಬಲಕ್ಕೆ, ಇನ್ನೊಂದರದು ಎಡಕ್ಕೆ; ಎರಡನ್ನೂ ಒಟ್ಟಿಗೆ ಇರಿಸಿದರೆ ಕನ್ನಡಿಯ ಬಿಂಬದಂತೆ ಹೊಂದುತ್ತವೆ. ಎಡದ ಯಂತ್ರವನ್ನು ಬಲದ್ದರ ಪ್ರತಿಯಾಗಿ ಮಾಡಲಾಗದು; ಕುದುರೆ, ತಿರುಪು, ಒಳಗಿನ ಸ್ಪ್ರಿಂಗು ಎಲ್ಲವನ್ನೂ ತಿರುವುಮುರುವಾಗಿ ರೂಪಿಸಬೇಕು. ಇದು ಅಚಾತುರ್ಯದಿಂದ ಆಗುವ ಕೆಲಸವಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾದ ಮೇಲೆ ಶಸ್ತ್ರಾಗಾರದ ಸಾಮಗ್ರಿ ಕೊಳ್ಳೆಯಾಗಿ ಹಂಚಿಹೋಯಿತು. ಈ ಬಂದೂಕುಗಳನ್ನು ಕುರಿತು 1992ರಲ್ಲಿ ಗ್ರಂಥ ಪ್ರಕಟಿಸಿದ ರಾಬಿನ್ ವಿಗಿಂಗ್ಟನ್ನರ ಸಂಗ್ರಹದ 30 ವಸ್ತುಗಳು 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ ಸುಮಾರು 60 ಲಕ್ಷ ಪೌಂಡುಗಳಿಗೆ ಮಾರಾಟವಾದವು. ಜೋಡಿಯಿಂದ ಬೇರ್ಪಟ್ಟ ಎಡಯಂತ್ರದ ಪಿಸ್ತೂಲು ಒಂಟಿಯಾಗಿ ಕಂಡಾಗ ಅದನ್ನು ದೋಷವೆಂದು ಬಗೆಯುವುದು ಸುಲಭ. ವಸ್ತುಸಂಗ್ರಹಾಲಯದ ದಾಖಲೆಯಲ್ಲಿ ಯಂತ್ರ ಯಾವ ಬದಿಯಲ್ಲಿದೆ, ಅಂಕಿಗಳು ಯಾವ ಕ್ರಮದಲ್ಲಿವೆ ಎಂಬುದನ್ನು ಇದ್ದಂತೆಯೇ ನಮೂದಿಸಿದರೆ, ಕಳೆದುಹೋದ ಜೊತೆಯ ಪಿಸ್ತೂಲನ್ನು ಹುಡುಕಲು ಒಂದು ಸುಳಿವಾದರೂ ಉಳಿಯುತ್ತದೆ.