ಕೋವಿಯ ಪಟ್ಟಿ: ಒಂದು ಸಣ್ಣ ಚರಿತ್ರೆ

ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ನಿರ್ದೇಶಕರೆಲ್ಲ ಒಂದೊಂದು ಲೇಖನ ಕೊಡಲೇಬೇಕೆಂದು ಸಂಪಾದಕ ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ಸಂಘದ ಪಾಲು ಬಂಡವಾಳ, ಠೇವಣಿ, ಗೊಬ್ಬರದ ವ್ಯಾಪಾರ ಇವೆಲ್ಲ ಕಾರ್ಯದರ್ಶಿಗಳ ವರದಿಯಲ್ಲಿ ಹೇಗೂ ಬರುತ್ತದೆ. ಸಂಘ ಹುಟ್ಟಿದ ಕತೆಯನ್ನು ಅಧ್ಯಕ್ಷರು ಬರೆಯುತ್ತಾರೆ. ಎಸ್ಸೆಸ್ಸೆಲ್ಸಿ ಮುಗಿಸಿ ಗದ್ದೆಗಿಳಿದ ನಮಗೆ ಉಳಿದದ್ದು ಕೋವಿಯ ವಿಚಾರ. ಅದರಲ್ಲೂ ಕೋವಿಯ ವಿಷಯ ಬರೆದವರು ಕೊಡಗಿನಲ್ಲಿ ಬಹಳ ಜನ ಇದ್ದಾರೆ. ಅದನ್ನು ಹೆಗಲಿಗೆ ತೂಗುಹಾಕುವ ಪಟ್ಟಿಯ ವಿಷಯ ಬರೆದವರನ್ನು ನಾವು ಕಾಣೆವು. ಆದ್ದರಿಂದ ಆ ಪಟ್ಟಿಯನ್ನೇ ಹಿಡಿದುಕೊಂಡು ಹೊರಟಿದ್ದೇವೆ. ತಪ್ಪಿದ್ದರೆ ಹಿರಿಯರು ತಿದ್ದಬೇಕು.

ಕೋವಿ ಎಂಬ ಮಾತಿಗೆ ಕನ್ನಡದಲ್ಲಿ ಮೊದಲಿನಿಂದ ಕೊಳವೆ ಎಂಬ ಅರ್ಥವಿದೆ. ಕೊಡವ ಮಾತಿನಲ್ಲಿ ಅದು ತೋಕ್. 1834ರಲ್ಲಿ ಚಿಕ್ಕವೀರರಾಜೇಂದ್ರನ ರಾಜ್ಯ ಬ್ರಿಟಿಷರ ಕೈಗೆ ಹೋಯಿತು. 1857ರ ದಂಗೆಯಾದ ಮೇಲೆ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾನೂನು ಬಂದಾಗ, ಆಗಿನ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರಿಗೆ ಅದರಿಂದ ವಿನಾಯಿತಿ ಕೊಟ್ಟನು. ಈ ವಿನಾಯಿತಿ 1959ರ ಆಯುಧ ಕಾಯಿದೆ ಬಂದ ಮೇಲೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಉಳಿದುಬಂತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟು ಎತ್ತಿಹಿಡಿದಿದೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ ನಮ್ಮ ಓದುಗರಿಗೆ ಗೊತ್ತಿರುವುದೇ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ತೊಳೆದು ಒರೆಸಿ, ನಳಿಗೆಗೆ ತೋಕ್‌ಪೂ ಸಿಕ್ಕಿಸಿ, ಕನ್ನಿಕೊಂಬರೆಯಲ್ಲಿ ಇಟ್ಟು ಪೂಜೆ ಮಾಡುವುದೂ ಗೊತ್ತು. ಹೂವು ನಳಿಗೆಗೆ. ಪಟ್ಟಿಗೆ ಯಾರೂ ಒಂದು ಎಸಳೂ ಇಟ್ಟದ್ದನ್ನು ನಾವು ನೋಡಿಲ್ಲ.

ಹಳೇ ಕಾಲದ ಕೇಪಿನ ಕೋವಿಗಳಲ್ಲಿ ಎಷ್ಟೋ ಕೋವಿಗಳಿಗೆ ಪಟ್ಟಿಯೇ ಇರಲಿಲ್ಲವಂತೆ. ಹೆಗಲ ಮೇಲೆ ಅಡ್ಡ ಇಟ್ಟು ಒಂದು ಕೈಯಲ್ಲಿ ಹಿಡಿದು ನಡೆಯುವುದು, ಬಹಳವೆಂದರೆ ಒಂದು ಹುರಿಹಗ್ಗ. ಪಟ್ಟಿಯ ಶಿಸ್ತು ಬಂದದ್ದು ಪಲ್ಟನ್ನಿಗೆ ಹೋಗಿ ಬಂದವರಿಂದ ಎಂದು ನಮ್ಮ ಅಜ್ಜನವರು ಹೇಳುತ್ತಿದ್ದರು. ಎರಡು ಮಹಾಯುದ್ಧಗಳಲ್ಲೂ ಬ್ರಿಟಿಷ್ ಇಂಡಿಯಾದ ಸಿಪಾಯಿಯ ಕೈಯಲ್ಲಿದ್ದದ್ದು ಲೀ ಎನ್‌ಫೀಲ್ಡ್ ರೈಫಲು. ಬೋಲ್ಟು ಎಳೆದು ತಳ್ಳಿ ತೋಟಾ ಏರಿಸುವ ಜಾತಿ, ತೂಕ ಸುಮಾರು 4 ಕಿಲೋ. ಬಂಗಾಳದ ಇಶಾಪುರದ ಕಾರ್ಖಾನೆಯಲ್ಲೂ ಅದನ್ನು ಲಕ್ಷಗಟ್ಟಲೆ ಮಾಡಿದರು. ಅದಕ್ಕೆ ಬಂದ ಪಟ್ಟಿ ಚರ್ಮದ್ದಲ್ಲ, ದಪ್ಪ ಹತ್ತಿಯ ನೇಯ್ಗೆಯದು. ಅಗಲ ಒಂದೂಕಾಲು ಇಂಚು, ಎರಡು ತುದಿಗೂ ಹಿತ್ತಾಳೆಯ ಮಡಿಕೆ. ತುದಿಯನ್ನು ಕೋವಿಯ ಬಳೆಯೊಳಗೆ ತೂರಿಸಿ ಹಿಂದಕ್ಕೆ ಮಡಚಿದರೆ ಆ ಹಿತ್ತಾಳೆ ಪಟ್ಟಿಯನ್ನೇ ಕಚ್ಚಿ ಹಿಡಿಯುತ್ತದೆ. ಬಕಲ್ ಇಲ್ಲ, ತೂತಿಲ್ಲ. ಕೆಡುವುದಕ್ಕೆ ಏನಾದರೂ ಇದ್ದರೆ ತಾನೇ ಕೆಡುವುದು!

ಬೇರೆ ದೇಶದವರು ಬೇರೆ ದಾರಿ ಹಿಡಿದರು. ಅಮೆರಿಕದವರು 1907ರಲ್ಲಿ ಎರಡು ತುಂಡಿನ ಚರ್ಮದ ಪಟ್ಟಿ ತಂದರು. ಹಿತ್ತಾಳೆ ಕೊಕ್ಕೆ, ಸಾಲು ತೂತು. ಅದರ ಮುಂದಿನ ತುಂಡಿನಲ್ಲಿ ಎಡತೋಳನ್ನು ಸಿಕ್ಕಿಸಿ ಬಿಗಿದರೆ ಕೋವಿ ಅಲುಗದಂತೆ ಗುರಿ ಹಿಡಿಯಬಹುದು. ಅಂದರೆ ಪಟ್ಟಿ ಹೊರುವುದಕ್ಕೆ ಮಾತ್ರವಲ್ಲ, ಹೊಡೆಯುವುದಕ್ಕೂ ಆಯಿತು. ಎರಡನೇ ಯುದ್ಧದಲ್ಲಿ ಜರ್ಮನಿಯವರ ಮೌಸರಿಗೆ ಪಟ್ಟಿ ಇದ್ದದ್ದು ಅಡಿಯಲ್ಲಲ್ಲ, ಎಡಮಗ್ಗುಲಲ್ಲಿ. ಹಾಗಾಗಿ ಕೋವಿ ಬೆನ್ನಿಗೆ ಚಪ್ಪಟೆಯಾಗಿ ಕೂರುತ್ತದೆ. ಕುದುರೆ, ಸೈಕಲ್ ಹತ್ತುವವನಿಗೆ ಬೆನ್ನೆಲುಬಿಗೆ ಬೋಲ್ಟು ಚುಚ್ಚುವುದಿಲ್ಲ. ಶಿಕಾರಿಗೆಂದೇ ದೊಡ್ಡ ಕೋವಿ ಮಾಡುತ್ತಿದ್ದ ಇಂಗ್ಲೆಂಡಿನ ಕೆಲಸಗಾರರು ಮುಂದಿನ ಬಳೆಯನ್ನು ಮರದಿಂದ ತೆಗೆದು ನಳಿಗೆಗೇ ಹಾಕಿದರು. ಕಾರಣ ಎರಡು. ಗುಂಡು ಹಾರಿದಾಗ ಕೋವಿ ಹಿಂದೆ ಒದೆಯುತ್ತದಲ್ಲ, ಆಗ ಬಳೆ ಎಡಗೈ ಬೆರಳಿಗೆ ಬಡಿಯುವುದಿಲ್ಲ. ಇನ್ನೊಂದು, ಕೋವಿ ಹೆಗಲಿನಿಂದ ಸ್ವಲ್ಪ ತಗ್ಗಿ ತೂಗುವುದರಿಂದ ನಳಿಗೆ ತುದಿ ಕೊಂಬೆಗೆ ಸಿಕ್ಕುವುದು ಕಡಿಮೆ.

ಮಿಲಿಟರಿಯ ಮುನ್ನೂರಮೂರು ತೋಟಾವನ್ನು ಬ್ರಿಟಿಷರ ಕಾಲದಲ್ಲೇ ಇಲ್ಲಿಯ ಸಾಮಾನ್ಯರಿಗೆ ನಿಷೇಧ ಮಾಡಿದ್ದರು. ಅದಕ್ಕೆ ಬದಲಾಗಿ ಜನರಿಗೆ ಸಿಕ್ಕಿದ್ದು ಪಾಯಿಂಟ್ 315. ಇಶಾಪುರದಲ್ಲಿ ಲೀ ಎನ್‌ಫೀಲ್ಡಿನ ಬೋಲ್ಟು ಇಟ್ಟುಕೊಂಡೇ ಮಾಡಿದ ಶಿಕಾರಿ ರೈಫಲು ಇದು. ನಮ್ಮ ತಂದೆಯವರ ಪರವಾನಗಿಯಲ್ಲಿದ್ದದ್ದು ಅದೇ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಶಿಕಾರಿ ಎಂಬುದು ನಿಂತಿತು. ಈಗ ಅದು ಹೊರಗೆ ಬರುವುದು ಹಬ್ಬಕ್ಕೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ. ಆದರೂ ಹೊರುವ ಹೆಗಲು ಅದೇ, ಮಳೆ ಅದೇ, ಜಾರುವ ದಾರಿಯೂ ಅದೇ ತಾನೇ.

ಇನ್ನು ನಮ್ಮ ಮನೆಯ ಚರಿತ್ರೆ. ಹೇಳುವುದಕ್ಕೆ ನಾಚಿಕೆಯೇ, ಆದರೂ ಹೇಳುತ್ತೇವೆ.

ನಮಗೆ ಆಗ ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ತಂದೆಯವರ ರೈಫಲಿಗೆ ಅಜ್ಜನ ಕಾಲದ ನೇಯ್ಗೆ ಪಟ್ಟಿ ಇತ್ತು. ಮಾಸಿ, ಅಂಚು ಬಿಟ್ಟು, ನೋಡುವುದಕ್ಕೆ ಎತ್ತಿನ ಮೂಗುದಾರದ ಹಾಗೆ ಕಾಣುತ್ತಿತ್ತು. ಪಂದ್ಯಕ್ಕೆ ಬರುವ ಹುಡುಗರ ಹೊಳೆಯುವ ಬೆಲ್ಟುಗಳನ್ನು ನೋಡಿ ನಮಗೂ ಆಸೆಯಾಯಿತು. ಪೇಟೆಯ ಒಂದು ಅಂಗಡಿಯಲ್ಲಿ ಅಗಲದ ಚರ್ಮದ ಪಟ್ಟಿ, ಒತ್ತಿದರೆ ಬಿಚ್ಚುವ ಕೊಂಡಿ ಕೊಂಡೆವು. ಆ ಕೊಂಡಿ ಹಳೇ ಬಳೆಗೆ ಹೊಂದಲಿಲ್ಲ. ಅಂಗಡಿಯವನು ಹಳೇ ಬಳೆಯನ್ನು ಬಿಚ್ಚಿ ನಮ್ಮ ಕೈಗೆ ಕೊಟ್ಟು, ಮುಂದಿನ ಮರಕ್ಕೆ ಒಂದು ಮರದ ತಿರುಪು ತಿರುಗಿಸಿ ಕೊಟ್ಟ. ಐದು ನಿಮಿಷದ ಕೆಲಸ. ತಂದೆಯವರಿಗೆ ತೋರಿಸಿದೆವು. "ಚೆಂದ ಉಂಟು" ಎಂದರು, ಅಷ್ಟೆ.

ಆ ವರ್ಷ ಕೈಲ್‌ಪೊಳ್ದ್ ಪಂದ್ಯ ಮುಗಿಸಿ ಸಂಜೆ ಗದ್ದೆ ದಾರಿಯಲ್ಲಿ ಬರುತ್ತಿದ್ದೆವು. ನಾವು ಮುಂದೆ, ಭಾವನವರು ಹಿಂದೆ. ತೋಡಿಗೆ ಹಾಕಿದ ಮರದ ಪಾಲ ಮಳೆಗೆ ಪಾಚಿ ಹಿಡಿದಿತ್ತು. ಕಾಲು ಸ್ವಲ್ಪ ಜಾರಿತು, ಮೈ ವಾಲಿತು, ಪಟ್ಟಿಯ ಮೇಲೆ ಒಂದು ಜಗ್ಗು ಬಿತ್ತು. ತಿರುಪು ಮರದಿಂದ ಹಲ್ಲು ಕಿತ್ತ ಹಾಗೆ ಬಂತು. ಕೋವಿ ಕಲ್ಲಿನ ಮೇಲೆ ಬಿದ್ದು ಹಿಡಿಯ ಹತ್ತಿರ ಮರ ಸೀಳಿತು. ನಳಿಗೆಯ ಬಾಯಿ ಭಾವನವರ ಎದೆಗೆ ನೇರವಾಗಿ ನಿಂತಿತ್ತು. ಇಬ್ಬರೂ ಅಲ್ಲಾಡಲಿಲ್ಲ. ಆಮೇಲೆ ಎತ್ತಿ ಬೋಲ್ಟು ಎಳೆದರೆ ಒಳಗಿಂದ ಒಂದು ತೋಟಾ ಹಾರಿ ನೀರಿಗೆ ಬಿತ್ತು. ಪಂದ್ಯದ ಗಲಾಟೆಯಲ್ಲಿ ಖಾಲಿ ಮಾಡುವುದನ್ನು ಮರೆತಿದ್ದೆವು. ಎಡಗಡೆಯ ಸೇಫ್ಟಿ ಹಿಡಿ ಮಾತ್ರ ಹಾಕಿತ್ತು. ಲೀ ಎನ್‌ಫೀಲ್ಡ್ ಜಾತಿಯ ಸೇಫ್ಟಿ ಬೋಲ್ಟನ್ನೂ ಹಿಂದಿನ ಕೊಕ್ಕೆಯನ್ನೂ ಎರಡನ್ನೂ ಹಿಡಿಯುತ್ತದೆ. ಅದರಿಂದ ಉಳಿಯಿತೋ, ದೇವರು ಉಳಿಸಿದನೋ. ನಮ್ಮ ಅಕ್ಕನ ಮಗಳಿಗೆ ಆಗ ಎಂಟು ತಿಂಗಳು.

ತಂದೆಯವರು ಎರಡು ದಿನ ನಮ್ಮೊಡನೆ ಮಾತಾಡಲಿಲ್ಲ. ಮೂರನೇ ದಿನ ಕಾಫಿ ಕುಡಿದು ಜಗಲಿಗೆ ಕರೆದರು. "ಪಟ್ಟಿ ಚೆಂದ ನೋಡಿ ತಂದೆಯಲ್ಲ, ತಿರುಪು ನೋಡಿದ್ಯಾ?" ಎಂದರು. ಕೋವಿಯ ಮುಂದಿನ ಮರ ನಳಿಗೆಯ ಅಡಿಯಲ್ಲಿ ಬೆರಳು ದಪ್ಪ ಸಹ ಇರುವುದಿಲ್ಲ, ಅಲ್ಲಿ ಮರದ ತಿರುಪಿಗೆ ಕಚ್ಚುವುದಕ್ಕೆ ಜಾಗವೇ ಇಲ್ಲ. ಅಲ್ಲಿ ಬೇಕಾದದ್ದು ಕಬ್ಬಿಣಕ್ಕೆ ಹಾಕುವ ಜಾತಿಯ ತಿರುಪು, ಒಳಗಡೆ ನಳಿಗೆ ಕೂರುವ ತೋಡಿನಲ್ಲಿ ತಗ್ಗಿಸಿ ಕೂರಿಸಿದ ನಟ್ಟು. ನಟ್ಟು ನಳಿಗೆಗೆ ತಾಗಬಾರದು, ತಾಗಿದರೆ ಗುರಿ ಕೆಡುತ್ತದೆ. ಹಿಂದಿನ ಬಟ್ಟಿನ ಮರ ದಪ್ಪ, ಅಲ್ಲಿ ಮರದ ತಿರುಪು ಸಾಕು. ಆದರೆ ಮೊದಲು ತಿರುಪಿಗಿಂತ ಸಪುರ ತೂತು ಕೊರೆದು, ತಿರುಪಿಗೆ ಸೋಪು ತಿಕ್ಕಿ ತಿರುಗಿಸಬೇಕು, ಇಲ್ಲದಿದ್ದರೆ ಮರ ಸೀಳುತ್ತದೆ. ಬಟ್ಟಿನ ಕೆಳತುದಿಯಿಂದ ನಾಲ್ಕು ಬೆರಳು ಈಚೆಗೆ ಬಂದರೆ ಸರಿ. ಎಲ್ಲ ಆದ ಮೇಲೆ ತೋಟಾ ಇಲ್ಲದ ಕೋವಿಯನ್ನು ಹಾಸಿದ ಗೋಣಿಯ ಮೇಲೆ ಪಟ್ಟಿ ಹಿಡಿದು ಜೋರಾಗಿ ಹತ್ತು ಸಲ ಕುಲುಕಿ ನೋಡುವುದು. ಇಷ್ಟನ್ನೂ ಅವರು ಅಂದು ತಮ್ಮ ಕೈಯಿಂದಲೇ ಮಾಡಿ ತೋರಿಸಿದರು. ಹಳೇ ಬಳೆಯನ್ನು ನಾವು ಬಿಸಾಡಿರಲಿಲ್ಲ, ಪುಣ್ಯ.

ಪಟ್ಟಿ ಯಾವುದು ಒಳ್ಳೆಯದು ಎಂದು ಕೇಳುವವರಿಗೆ ನಮ್ಮ ಅನುಭವ ಹೀಗೆ. ಚರ್ಮ ಹೆಗಲಿಗೆ ಹಿತ, ಸದ್ದಿಲ್ಲ, ಜಾರುವುದಿಲ್ಲ. ಆದರೆ ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ನೆನೆದರೆ ಉದ್ದವಾಗುತ್ತದೆ, ಹಿತ್ತಾಳೆ ತಾಗಿದ ಕಡೆ ಹಸಿರು ಕಿಲುಬು ಬರುತ್ತದೆ. ತಿಂಗಳಿಗೊಮ್ಮೆ ಹರಳೆಣ್ಣೆ ಒರೆಸುವ ತಾಳ್ಮೆ ಇದ್ದವರಿಗೆ ಮಾತ್ರ ಅದು. ನೈಲಾನಿಗೆ ಕೊಳೆಯುವ ಭಯವಿಲ್ಲ, ಬೆಲೆಯೂ ಕಡಿಮೆ. ಆದರೆ ಬೆವರಿದ ಹೆಗಲ ಮೇಲೆ ಮೀನಿನ ಹಾಗೆ ಜಾರುತ್ತದೆ. ಹಿಗ್ಗುವ ರಬ್ಬರಿನ ದಪ್ಪ ಪಟ್ಟಿಗಳು ಭಾರ ಕಡಿಮೆ ಎನಿಸುತ್ತವೆ, ನಿಜ. ನಡೆಯುವಾಗ ಕೋವಿ ಮೇಲೆ ಕೆಳಗೆ ಕುಣಿಯುತ್ತದೆ, ಅದು ನಮಗೆ ಹಿಡಿಸಲಿಲ್ಲ. ಹತ್ತಿ ನೇಯ್ಗೆಯದು ನೀರು ಕುಡಿಯುತ್ತದೆ, ಆದ್ದರಿಂದ ಬಿಚ್ಚಿ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಬೇಕು. ನಾವು ಅದರಲ್ಲೇ ಇದ್ದೇವೆ. ಅಗಲ ಒಂದು ಇಂಚಿನದೋ ಒಂದೂಕಾಲಿನದೋ ಎಂದು ಬಳೆಯನ್ನು ಅಳೆದುಕೊಂಡೇ ಅಂಗಡಿಗೆ ಹೋಗಿ, ಕಣ್ಣಂದಾಜು ಬೇಡ. ಬಕಲ್ ಇದ್ದರೆ ಅದರ ಮುಖ ಹೊರಗಡೆಗೆ ಇರಲಿ, ಒಳಗಿದ್ದರೆ ಬಟ್ಟನ್ನು ಗೀಚುತ್ತದೆ.

ಉದ್ದದ ಲೆಕ್ಕಕ್ಕೆ ಇಂಚುಪಟ್ಟಿ ಬೇಡ. ಹೆಗಲಿಗೆ ಹಾಕಿ ಕೈ ಬಿಟ್ಟು ನಿಂತರೆ ನಳಿಗೆ ತಲೆಗಿಂತ ತುಂಬಾ ಮೇಲೆ ಹೋಗಬಾರದು, ಬಟ್ಟು ಮೊಣಕಾಲಿಗೆ ಬಡಿಯಬಾರದು. ಮಳೆಗಾಲದ ದಪ್ಪ ಕೋಟು ಹಾಕಿಕೊಂಡೇ ನೋಡಿ, ಬೇಸಿಗೆಯ ಅಂಗಿಯಲ್ಲಿ ಅಳೆದ ಪಟ್ಟಿ ಆಟಿಯಲ್ಲಿ ಬಿಗಿ. ಕಾಫಿ ತೋಟದೊಳಗೆ ಎಡಹೆಗಲಲ್ಲಿ ನಳಿಗೆ ಕೆಳಗೆ ಮಾಡಿ ಹೊರುವವರೂ ಇದ್ದಾರೆ. ಕೊಂಬೆಗೆ ಸಿಕ್ಕುವುದಿಲ್ಲ, ಮಳೆನೀರು ಒಳಗೆ ಇಳಿಯುವುದಿಲ್ಲ. ಆದರೆ ಇಳಿಜಾರಿನಲ್ಲಿ ಕೂತೆದ್ದರೆ ನಳಿಗೆಯ ಬಾಯಿಗೆ ಮಣ್ಣು ಮೆತ್ತುತ್ತದೆ, ಮಣ್ಣಿದ್ದ ನಳಿಗೆಯಲ್ಲಿ ಗುಂಡು ಹಾರಿಸಿದರೆ ನಳಿಗೆಯೇ ಒಡೆದೀತು.

ಸೀಳಿದ ಹಿಡಿಯನ್ನು ಆಚಾರಿಯವರು ಒಳಗೆ ಹಿತ್ತಾಳೆ ಕಡ್ಡಿ ಕೂರಿಸಿ ಕೂಡಿಸಿಕೊಟ್ಟರು. ಗೆರೆ ಈಗಲೂ ಕಾಣುತ್ತದೆ. ತಂದೆಯವರು ತೀರಿಕೊಂಡ ದಿನ ಎರಡು ಗುಂಡು ಹಾರಿಸಿದ್ದು ಅದರಲ್ಲೇ, ಹಾರಿಸಿದವರು ಭಾವನವರು. ನಾವು ಪಕ್ಕದಲ್ಲಿ ನಿಂತು ಬೋಲ್ಟು ಎಳೆದು, ಖಾಲಿ ಆಗಿದೆಯೇ ಎಂದು ಕಿರುಬೆರಳು ಹಾಕಿ ನೋಡಿ, ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡೆವು.