ಉಪಗ್ರಹ ಚಿತ್ರಗಳ ಆಯ್ಕೆ: ಇತಿಹಾಸ ಕಲಿಸುವ ಪಾಠ

ಭೂಮಿಯನ್ನು ಮುಟ್ಟದೆ ದೂರದಿಂದಲೇ ಅದರ ಮಾಹಿತಿ ಸಂಗ್ರಹಿಸುವ ವಿದ್ಯೆಗೆ ದೂರಸಂವೇದನೆ ಎಂದು ಹೆಸರು. ಭೂಗೋಳ, ಕೃಷಿ, ಪರಿಸರ ವಿಷಯಗಳಲ್ಲಿ ಸಂಶೋಧನೆಗೆ ಹೊರಟ ನಮ್ಮ ವಿದ್ಯಾರ್ಥಿಗಳಿಗೆ ಎದುರಾಗುವ ಮೊದಲ ಪ್ರಶ್ನೆ: ಯಾವ ಉಪಗ್ರಹದ ಚಿತ್ರ ಬಳಸಬೇಕು? ಇದಕ್ಕೆ ಉತ್ತರ ಈ ವಿದ್ಯೆಯ ಇತಿಹಾಸದಲ್ಲೇ ಇದೆ.

ಭಾರತದಲ್ಲಿ ಇದರ ಆರಂಭ ತೆಂಗಿನ ತೋಟದಿಂದ ಆಯಿತು. 1970ರ ಸುಮಾರಿಗೆ ವಿಜ್ಞಾನಿ ಪಿ. ಆರ್. ಪಿಷಾರಟಿಯವರ ತಂಡ ಕೇರಳದ ರೋಗಪೀಡಿತ ತೆಂಗಿನ ಮರಗಳನ್ನು ಹೆಲಿಕಾಪ್ಟರಿನಿಂದ ಇನ್‌ಫ್ರಾರೆಡ್ ಫಿಲ್ಮಿನಲ್ಲಿ ಚಿತ್ರೀಕರಿಸಿತು. ಆರೋಗ್ಯವಂತ ಎಲೆ ಕಣ್ಣಿಗೆ ಕಾಣದ ಈ ಕಿರಣಗಳನ್ನು ಹೆಚ್ಚಾಗಿ ಪ್ರತಿಫಲಿಸುತ್ತದೆ. ಸೊರಗಿದ ಎಲೆ ಕಡಿಮೆ. ಹುಡುಕುವ ವಸ್ತು ಯಾವ ಕಿರಣದಲ್ಲಿ ಚೆನ್ನಾಗಿ ಕಾಣುತ್ತದೆ ಎಂದು ಮೊದಲು ತಿಳಿಯಬೇಕು. ಇದು ಮೊದಲ ಪಾಠ.

1972ರ ಜುಲೈ 23ರಂದು ಅಮೆರಿಕ ಲ್ಯಾಂಡ್‌ಸ್ಯಾಟ್-1 ಉಪಗ್ರಹವನ್ನು ಹಾರಿಸಿತು. 18 ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಬರುತ್ತಿದ್ದ ಅದರ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ ಸುಮಾರು 80 ಮೀಟರ್, ಅಂದರೆ ಒಂದೂವರೆ ಎಕರೆಗೂ ಹೆಚ್ಚು. ನಮ್ಮ ಸಣ್ಣ ರೈತರ ಅರ್ಧ ಎಕರೆ ಹೊಲ ಅದರಲ್ಲಿ ಪ್ರತ್ಯೇಕವಾಗಿ ಕಾಣುವುದು ಹೇಗೆ? 1982ರ ಲ್ಯಾಂಡ್‌ಸ್ಯಾಟ್-4 ಇದನ್ನು 30 ಮೀಟರಿಗೆ, ಅಂದರೆ ಸುಮಾರು 9 ಗುಂಟೆಗೆ ಇಳಿಸಿತು. ವಿಷಯದ ಗಾತ್ರಕ್ಕೆ ತಕ್ಕ ಚಿತ್ರ ಬೇಕೆಂಬುದು ಎರಡನೆಯ ಪಾಠ.

ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದಲ್ಲಿ ಸಿದ್ಧವಾದ ಐಆರ್‌ಎಸ್-1ಎ 1988ರಲ್ಲಿ ಬೈಕನೂರಿನಿಂದ ಕಕ್ಷೆ ಸೇರಿತು. 1995ರ ಐಆರ್‌ಎಸ್-1ಸಿಯಲ್ಲಿ ಮೂರು ಕ್ಯಾಮೆರಾಗಳಿದ್ದವು. ಒಂದು 5.8 ಮೀಟರಿನಷ್ಟು ಸೂಕ್ಷ್ಮವಾಗಿ, ಆದರೆ 70 ಕಿ.ಮೀ. ಅಗಲದ ಪಟ್ಟಿಯನ್ನು ಮಾತ್ರ ನೋಡುತ್ತಿತ್ತು. ಇನ್ನೊಂದರ ಚುಕ್ಕೆ 188 ಮೀಟರ್. ಆದರೆ ಅದು ಸುಮಾರು 800 ಕಿ.ಮೀ. ಅಗಲವನ್ನು ಐದು ದಿನಕ್ಕೊಮ್ಮೆ ತೋರಿಸುತ್ತಿತ್ತು. ಮೂರನೆಯದು ಇವೆರಡರ ನಡುವಿನದು. ಬೀದಿಗಳ ನಕ್ಷೆಗೆ ಮೊದಲನೆಯದು, ಇಡೀ ರಾಜ್ಯದ ಬರಗಾಲದ ಅಧ್ಯಯನಕ್ಕೆ ಎರಡನೆಯದು. ಎಲ್ಲಕ್ಕೂ ಒಂದೇ ಚಿತ್ರ ಸಾಲದು.

ಕಾಲವೂ ಮುಖ್ಯ. ಒಂದು ವರ್ಷದ ಏಪ್ರಿಲ್ ತಿಂಗಳ ಕೆರೆಯನ್ನು ಇನ್ನೊಂದು ವರ್ಷದ ನವೆಂಬರಿನ ಕೆರೆಯೊಡನೆ ಹೋಲಿಸಿ ‘ಕೆರೆ ಬತ್ತಿದೆ’ ಎಂದರೆ ಅದು ಸಂಶೋಧನೆಯಲ್ಲ, ತಪ್ಪು ವರದಿ. ಮುಂಗಾರಿನಲ್ಲಿ ಮೋಡ ಮುಸುಕಿದಾಗ ಸಾಮಾನ್ಯ ಕ್ಯಾಮೆರಾ ಕುರುಡು. ಆಗ ಮೋಡ ದಾಟಿ ನೋಡುವ ರೇಡಾರ್ ಬೇಕು. 2012ರಲ್ಲಿ ಭಾರತ ಹಾರಿಸಿದ ರಿಸ್ಯಾಟ್-1 ಅಂಥದ್ದು.

ಹಿಂದೆ ಚಿತ್ರಗಳ ಬೆಲೆಯೇ ಬಡ ವಿದ್ಯಾರ್ಥಿಗೆ ಅಡ್ಡಿಯಾಗಿತ್ತು. 2008ರಲ್ಲಿ ಲ್ಯಾಂಡ್‌ಸ್ಯಾಟ್ ಸಂಗ್ರಹ ಉಚಿತವಾಯಿತು. 2015ರಿಂದ ಯುರೋಪಿನ ಸೆಂಟಿನೆಲ್-2 ತೆಗೆಯುವ 10 ಮೀಟರ್ ಚಿತ್ರಗಳೂ ಉಚಿತ. ಈಗ ಕೊರತೆ ಹಣದ್ದಲ್ಲ, ವಿವೇಚನೆಯದು.

ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಕಂಪ್ಯೂಟರಿನ ಮುಂದೆ ಕೂರುವ ಮೊದಲು ನಿಮ್ಮ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಏನನ್ನು, ಎಷ್ಟು ಸೂಕ್ಷ್ಮವಾಗಿ, ಯಾವ ಋತುವಿನಲ್ಲಿ, ಎಷ್ಟು ವರ್ಷಗಳಿಂದ ನೋಡಬೇಕು ಎಂಬುದು ಸ್ಪಷ್ಟವಾದರೆ ಚಿತ್ರದ ಆಯ್ಕೆ ಸುಲಭ. ಬಳಿಕ ಒಮ್ಮೆ ಆ ಹೊಲಕ್ಕೆ, ಆ ಕೆರೆಗೆ ನಡೆದು ಹೋಗಿ ಕಣ್ಣಾರೆ ನೋಡಿ ಬನ್ನಿ.